ಕಲ್ಲುಗುಪ್ಪೆಯೊಳಗಿನ ಕತ್ತೆಕಿರುಬ

"ಸತ್ತವರ ಸಂಗಡ ಎಷ್ಟು ದೂರ ಹೋಗಬೇಕು, ಅಜ್ಜಾರೇ?"

ಕೇಳಿದವನು ಅಡಿವೆಪ್ಪ. ಹೆಂಡತಿಯನ್ನು ಮಣ್ಣು ಮಾಡಿದ ಮೇಲೆ ಅವನು ಈ ಮಠಕ್ಕೆ ಬಂದಿದ್ದ. ಎಂಟು ತಿಂಗಳಾಗಿತ್ತು. ಊರಲ್ಲಿ ಮನೆ ಇತ್ತು, ಬೀಗ ಹಾಕಿ ಬಂದಿದ್ದ. ಹೊಲ ಇತ್ತು, ಬೀಳು ಬಿದ್ದಿತ್ತು. ಮಠದ ಕಟ್ಟೆಯ ಮೇಲೆ ಕೂತರೆ ಕೂತೇ ಇರುತ್ತಿದ್ದ. ಯಾರಾದರೂ ತಾಟು ಮುಂದಿಟ್ಟರೆ ಉಣ್ಣುತ್ತಿದ್ದ. ಇಡದಿದ್ದರೆ ಇಲ್ಲ.

ಮಠದ ಅಜ್ಜನವರು ಕೌದಿಗೆ ತೇಪೆ ಹಚ್ಚುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಊರವರು ಏನಂತಾರ?"

"ಕುಣಿ ತನಕ ಹೋಗು, ತಿರುಗಿ ನೋಡದ ಬಾ ಅಂತಾರ್ರೀ."

"ನೀ ಏನಂತಿ?"

"ನನಗ ಅದು ಭಾಳ ಸಮೀಪ ಆತು ಅನಸ್ತೈತ್ರೀ."

ಅಜ್ಜನವರು ಹಲ್ಲಿನಿಂದ ದಾರ ಕಡಿದರು. ಇನ್ನೊಂದು ತೇಪೆ ಎತ್ತಿಕೊಂಡರು. ಆಮೇಲೆ ಹೇಳತೊಡಗಿದರು.

ಗುಡ್ಡದ ಬುಡದಲ್ಲಿ ಒಂದು ಊರು. ಆ ಊರಲ್ಲಿ ಒಬ್ಬ ಕಲ್ಲುಕುಟಿಗ. ಗುಡಿ ಕಟ್ಟುವವನಲ್ಲ. ದೇವರನ್ನು ಕಡೆಯುವವನೂ ಅಲ್ಲ. ಬೀಸುಕಲ್ಲು ಬೀಸಿ ಬೀಸಿ ನುಣ್ಣಗಾದಾಗ ಅದರ ಮೈಗೆ ಉಳಿಯಿಂದ ಸಣ್ಣ ಸಣ್ಣ ಪೆಟ್ಟು ಹಾಕಿ ಮತ್ತೆ ಒರಟು ಮಾಡಿಕೊಡುವವನು. ಒರಟಿಲ್ಲದ ಕಲ್ಲಿಗೆ ಜೋಳ ಹಾಕಿದರೆ ಕಾಳು ಜಾರುತ್ತದೆ, ನುಚ್ಚಾಗುತ್ತದೆ, ಹಿಟ್ಟಾಗುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಅವನು ಪ್ರತಿ ಮನೆಗೆ ಬೇಕಾಗುತ್ತಿದ್ದ.

ಅವನಿಗೆ ಕೈ ಇತ್ತು, ಬಾಯಿ ಇರಲಿಲ್ಲ. ಮೂಗನಲ್ಲ. ಮಾತು ಗೊತ್ತಿತ್ತು, ಆದರೆ ತುಟಿ ದಾಟುತ್ತಿರಲಿಲ್ಲ. ಅವನ ಬಾಯಿ ಅವನ ಹೆಂಡತಿ. ಉಳಿ ಸುತ್ತಿಗೆಗಳ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಅವಳು ಮುಂದೆ ನಡೆಯುತ್ತಿದ್ದಳು. ಓಣಿಯ ಬಾಯಲ್ಲಿ ನಿಂತು ಕೂಗುತ್ತಿದ್ದಳು. ಬಾಗಿಲು ತೆರೆದವರ ಸೊಸೆ, ಮಗಳು, ಎಮ್ಮೆ, ಎಲ್ಲರ ಕ್ಷೇಮ ಕೇಳುತ್ತಿದ್ದಳು. ಅವಳ ಮಾತು ಮುಗಿಯುವಷ್ಟರಲ್ಲಿ ಇವನು ಪಡಸಾಲೆಯಲ್ಲಿ ಕೂತು ಕೆಲಸ ಮುಗಿಸಿರುತ್ತಿದ್ದ. ಹೀಗೆ ಹನ್ನೆರಡು ಹಳ್ಳಿ ತಿರುಗುತ್ತಿದ್ದರು. ಅವನಿಗೆ ದಾರಿ ಗೊತ್ತಿರಲಿಲ್ಲ. ಅವಳ ಬೆನ್ನು ಗೊತ್ತಿತ್ತು.

ಒಂದು ಬೇಸಿಗೆ ಅವಳು ಜ್ವರ ಬಂದು ಮೂರು ದಿನ ಮಲಗಿದಳು. ನಾಲ್ಕನೆಯ ದಿನ ಏಳಲಿಲ್ಲ.

ಆ ಸೀಮೆಯಲ್ಲಿ ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ. ಬಂಡೆಗಳ ಸಂದಿಯಲ್ಲಿ ಕತ್ತೆಕಿರುಬ ಇರುತ್ತದೆ. ಅದು ಕೊಂದು ತಿನ್ನುವುದು ಕಡಿಮೆ. ಸತ್ತದ್ದನ್ನು ತಿನ್ನುತ್ತದೆ. ಸತ್ತದ್ದು ಮಣ್ಣಿನೊಳಗೆ ಇದ್ದರೂ ಅದರ ಮೂಗಿಗೆ ಹತ್ತುತ್ತದೆ. ಅದಕ್ಕೇ ಅಲ್ಲಿಯವರಲ್ಲಿ ಒಂದು ಪದ್ಧತಿ. ಮಣ್ಣಿಗೆ ಹೋಗುವ ಪ್ರತಿಯೊಬ್ಬರೂ ದಾರಿಯಲ್ಲಿ ಒಂದು ಕಲ್ಲು ಆರಿಸಿಕೊಳ್ಳುತ್ತಾರೆ. ಮುಷ್ಟಿಯಷ್ಟು, ಹೆಚ್ಚಿಲ್ಲ. ಮೂರು ಹಿಡಿ ಮಣ್ಣು ಹಾಕಿ, ಕುಣಿ ಮುಚ್ಚಿದ ಮೇಲೆ ತಮ್ಮ ಕಲ್ಲನ್ನು ಅದರ ಮೇಲೆ ಇಡುತ್ತಾರೆ. ಕೂಸನ್ನು ಎತ್ತಿಕೊಂಡು ಬಂದವರು ಕೂಸಿನ ಕೈಯಿಂದಲೂ ಒಂದು ಇಡಿಸುತ್ತಾರೆ. ಕೊನೆಗೆ ಊರ ಹಿರಿಯ ಸುತ್ತ ನಡೆದು, ಕಲ್ಲುಗಳನ್ನು ಹಿಮ್ಮಡಿಯಿಂದ ಒತ್ತಿ ನೋಡಿ, "ಗಟ್ಟಿ ಆತು" ಎನ್ನುತ್ತಾನೆ. ಆ ಮಾತು ಆದ ಮೇಲೆ ಯಾರೂ ತಿರುಗಿ ನೋಡುವಂತಿಲ್ಲ. ಮನೆಗೆ ಹೋಗಿ ಕಾಲು ತೊಳೆದುಕೊಳ್ಳಬೇಕು.

ಅವಳ ಮಣ್ಣಿಗೆ ಬಹಳ ಜನ ಬಂದರು. ಹನ್ನೆರಡು ಹಳ್ಳಿಯಿಂದಲೂ ಬಂದರು. ಕಲ್ಲು ಸಾಕಷ್ಟಾದವು. ಹಿರಿಯ "ಗಟ್ಟಿ ಆತು" ಎಂದ. ಎಲ್ಲರೂ ಹೊರಟರು. ಕಲ್ಲುಕುಟಿಗ ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದ.

ಮುಷ್ಟಿ ಮುಷ್ಟಿ ಕಲ್ಲು. ಇಷ್ಟೇ ಏನು ಅನಿಸಿತು ಅವನಿಗೆ. ಮಕ್ಕಳು ಆಡಿ ಬಿಟ್ಟುಹೋದ ಹಾಗೆ ಕಂಡಿತು.

ಮರುದಿನ ಗುಡ್ಡದ ಮಗ್ಗುಲಲ್ಲಿ ಕುರಿ ಮೇಯಿಸುವವನೊಬ್ಬ ಸಿಕ್ಕ. ಕಿರುಬನ ವಿಷಯ ಚೆನ್ನಾಗಿ ಗೊತ್ತಿದ್ದವನು ಆ ಸೀಮೆಯಲ್ಲಿ ಅವನೊಬ್ಬನೇ. ಕಲ್ಲುಕುಟಿಗ ಬಹಳ ಪ್ರಯಾಸಪಟ್ಟು ಬಾಯಿ ತೆರೆದ.

"ಅದು ನೆಲಾ ಎಷ್ಟು ಆಳ ತೋಡತೈತಿ?"

"ಅದರ ಹಸಿವಿ ಎಷ್ಟು ಆಳ ಐತೋ ಅಷ್ಟು" ಎಂದ ಕುರಿಗಾಹಿ. ನಗಲಿಕ್ಕೆಂದು ಹೇಳಿದ. ಕೇಳಿದವನು ನಗಲಿಲ್ಲ. ಆಗ ಕುರಿಗಾಹಿ ಸಮಾಧಾನ ಮಾಡುವವನಂತೆ ಇನ್ನಷ್ಟು ಹೇಳಿದ. "ಅದನ್ನ ಕಂಡು ಅಂಜಬ್ಯಾಡ. ಮುಂದಿನ ಕಾಲು ಉದ್ದ, ಹಿಂದಿನವು ಗಿಡ್ಡ. ಕುಂಟತಾ ಹೋಗೋ ಮುದುಕನಂಗ ಹೋಗತೈತಿ. ದಿನಾ ಒಂದ ದಾರಿ. ದಾರಿ ತಪ್ಪಬಾರದಂತ ಹುಲ್ಲಿಗೆ ಕುಂಡಿ ತಿಕ್ಕಿ ವಾಸನಿ ಹಚ್ಚಿ ಇಟ್ಟಿರತೈತಿ. ಬೊಗಳಂಗಿಲ್ಲ, ಕೂಗಂಗಿಲ್ಲ. ಬಾರಿಹಣ್ಣೂ ತಿಂತೈತಿ. ನನ್ನ ಸತ್ತ ಕುರಿ ಎಲ್ಲಾ ಅದರ ಪಾಲು. ಅದು ಇರದಿದ್ದರ ಈ ಗುಡ್ಡ ನಾರತಿತ್ತು. ಆದರ ಹಲ್ಲು ಮಾತ್ರ... ಎತ್ತಿನ ತೊಡಿ ಎಲುಬನ್ನ ಕಬ್ಬು ಕಡಿದಂಗ ಕಡೀತೈತಿ."

ಕಲ್ಲುಕುಟಿಗನ ಕಿವಿಗೆ ಕೊನೆಯ ಮಾತೊಂದೇ ಹೋಯಿತು.

ಅವತ್ತೇ ಅವನು ಗುಡ್ಡದಿಂದ ಒಂದು ಕಲ್ಲು ಹೊತ್ತು ತಂದ. ಮುಷ್ಟಿಯಷ್ಟದ್ದಲ್ಲ. ಹೆಗಲು ಬಾಗುವಷ್ಟದ್ದು. ತಂದು ಅವಳ ಮೇಲಿಟ್ಟ. ಆ ರಾತ್ರಿ ನಿದ್ದೆ ಬಂತು. ಮರುದಿನ ಮತ್ತೊಂದು. ಅದರ ಮರುದಿನ ಮತ್ತೊಂದು. ಹೊರಲು ಆಗದ್ದನ್ನು ಹಾರೆಯಿಂದ ಮೀಟಿ ಉರುಳಿಸಿಕೊಂಡು ತಂದ. ಹನ್ನೊಂದನೆಯ ದಿನದ ಎಡೆ ಆಯಿತು. ತಿಂಗಳಿನದೂ ಆಯಿತು. ಊರ ಹಿರಿಯ ಬಂದು, "ಸಾಕಪಾ, ಇನ್ನ ಮ್ಯಾಲೆ ಆಕಿನ್ನ ನೆಲಾ ನೋಡಿಕೊಳ್ಳತೈತಿ" ಎಂದು ಹೇಳಿ ಹೋದ. ಕಲ್ಲುಕುಟಿಗ ತಲೆ ಅಲ್ಲಾಡಿಸಿದ. ಹಿರಿಯ ಹೋದ ಮೇಲೆ ಎದ್ದು ಗುಡ್ಡಕ್ಕೆ ಹೋದ.

ಉಳಿಗಳು ಮನೆಯ ಮೂಲೆಯಲ್ಲಿ ಬುಟ್ಟಿಯಲ್ಲೇ ಇದ್ದವು. ತುಕ್ಕು ಹಿಡಿಯತೊಡಗಿದವು. ಹನ್ನೆರಡು ಹಳ್ಳಿಯ ಬೀಸುಕಲ್ಲು ನುಣ್ಣಗಾದವು.

ನಾಲ್ಕನೆಯ ತಿಂಗಳು ಒಬ್ಬ ಮುದುಕಿ ಅವನನ್ನು ಹುಡುಕಿಕೊಂಡು ಆ ಕಲ್ಲುಗುಪ್ಪೆಯ ಹತ್ತಿರಕ್ಕೇ ಬಂದಳು. ಪಕ್ಕದ ಹಳ್ಳಿಯವಳು. ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಏನೋ ಎಪ್ಪಾ, ನನ್ನ ಬೀಸುಕಲ್ಲು ಕನ್ನಡಿ ಆಗೈತಿ. ಮುಖಾ ನೋಡಿ ತಲಿ ಬಾಚ್ಕೋಬಹುದು. ಹಿಟ್ಟು ಮಾತ್ರ ಬೀಳವಲ್ದು."

ಅವನು ಕಲ್ಲು ಉರುಳಿಸುತ್ತಲೇ ಇದ್ದ.

"ಸತ್ತಾಕಿ ಮ್ಯಾಲೆ ಇಷ್ಟು ಕಲ್ಲು ಹೊತ್ತು ಹಾಕೀ. ಇದ್ದಾಗ ಆಕಿ ತಲಿಮ್ಯಾಲಿನ ಬುಟ್ಟಿ ಒಂದ ದಿನ ಹೊತ್ತಿದ್ದೇನು?"

ಅವನ ಕೈ ನಿಂತಿತು. ಮುದುಕಿಗೆ ತಾನು ಆಡಿದ್ದು ಹೆಚ್ಚಾಯಿತು ಅನಿಸಿತು. "ಹೋಗಲಿ ಬಿಡು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು.

ಅವನು ಒಂದು ದಿನವೂ ಹೊತ್ತಿರಲಿಲ್ಲ. ಕೆಲಸದವನ ಕೈ ದಣಿಯಬಾರದು ಎಂದು ಅವಳೇ ಹೊರುತ್ತಿದ್ದಳು. ಇಪ್ಪತ್ತೆರಡು ವರ್ಷ. ಅವಳ ಕತ್ತು ನೋಯುತ್ತದೆಯೇ ಎಂದು ಅವನು ಕೇಳಿರಲಿಲ್ಲ. ಮರುದಿನದಿಂದ ಅವನು ದಿನಕ್ಕೆ ಎರಡು ಕಲ್ಲು ಹೊತ್ತ.

ಮಳೆಗಾಲ ಬಂತು, ಹೋಯಿತು. ದಿನ ಯಾವುದು, ವಾರ ಯಾವುದು ಎಂಬುದು ಅವನಿಗೆ ಕಲಸಿಹೋಯಿತು. ಗುಪ್ಪೆ ಅವನ ಸೊಂಟ ಮುಟ್ಟಿತು. ಎದೆ ಮುಟ್ಟಿತು. ದೂರದಿಂದ ನೋಡಿದರೆ ಗುಡ್ಡವೇ ಒಂದು ಮರಿ ಹಾಕಿದ ಹಾಗೆ ಕಾಣುತ್ತಿತ್ತು. ಮಧ್ಯಾಹ್ನ ಅವನು ಅದರ ನೆರಳಲ್ಲಿ ಬೆನ್ನು ಕೊಟ್ಟು ಕೂರುತ್ತಿದ್ದ. ಕೂತಲ್ಲಿ ಜೋಂಪು ಹತ್ತುತ್ತಿತ್ತು. ಜೋಂಪಿನಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಎಲ್ಲಿಗೋ ನಡೆಯುತ್ತಿರುತ್ತಿದ್ದಳು. ಅವನು ಹಿಂದೆ ನಡೆಯುತ್ತಿರುತ್ತಿದ್ದ. ಎಚ್ಚರವಾದರೆ ಬಿಸಿಲು.

ಚಳಿಗಾಲ ಕಳೆಯುವ ಹೊತ್ತಿಗೆ ಒಂದು ದಿನ ಹಾಗೆ ಬೆನ್ನು ಕೊಟ್ಟು ಕೂತಿದ್ದಾಗ ಗುಪ್ಪೆಯ ಒಳಗಿನಿಂದ ಸದ್ದು ಬಂತು.

ಗರ್ ಗರ್ ಗರ್.

ನಿಂತಿತು. ಮತ್ತೆ ಬಂತು. ಗರ್ ಗರ್ ಗರ್.

ಆ ಸದ್ದು ಅವನಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಅದೇ ಸದ್ದಿನಲ್ಲಿ ಬದುಕಿದವನು ಅವನು. ಬೀಸುಕಲ್ಲಿನ ಸದ್ದು. ಒರಟು ಮಾಡಿದ ಹೊಸತರಲ್ಲಿ ಮೊದಲ ಕಾಳು ಸಿಕ್ಕಾಗ ಕಲ್ಲು ಹೀಗೇ ಮಾತಾಡುತ್ತದೆ.

ಅವಳು ಬೀಸುತ್ತಿದ್ದಾಳೆ ಎಂದುಕೊಂಡ.

ಹಾಗೆ ಅಂದುಕೊಳ್ಳುವುದು ಹುಚ್ಚು ಎಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಅಂದುಕೊಂಡ. ಕಿವಿಯನ್ನು ಕಲ್ಲಿಗೆ ಹಚ್ಚಿ ಕೂತ. ಅವನ ಮುಖ ಸಡಿಲವಾಯಿತು. ಅವತ್ತು ಅವನು ಕಲ್ಲು ತರಲು ಹೋಗಲಿಲ್ಲ. ಮರುದಿನ ಮಡಿಲಲ್ಲಿ ಜೋಳ ಕಟ್ಟಿಕೊಂಡು ಬಂದ. ಗುಪ್ಪೆಯ ಬುಡದಲ್ಲಿದ್ದ ದೊಡ್ಡ ಸಂದಿಯ ಬಾಯಲ್ಲಿ ಒಂದು ಬೊಗಸೆ ಸುರಿದ. ಬರಿಗಲ್ಲು ಬೀಸಬಾರದು, ಕಲ್ಲು ಸವೆಯುತ್ತದೆ. ಅದರ ಮರುದಿನ ಬಂದು ನೋಡಿದರೆ ಜೋಳ ಇರಲಿಲ್ಲ. ಹಕ್ಕಿ ತಿಂದಿದ್ದವು. ಅವನು ಹಕ್ಕಿಗಳನ್ನು ನೆನೆಯಲಿಲ್ಲ. ಮತ್ತೊಂದು ಬೊಗಸೆ ಸುರಿದ. ಗುಪ್ಪೆಯ ಹಿಂದೆ ಬೆಳ್ಳಗೆ ಉಂಡೆ ಉಂಡೆ ಬಿದ್ದಿದ್ದವು. ಹಿಸುಕಿದರೆ ಹಿಟ್ಟಿನ ಹಾಗೆ ಪುಡಿಯಾದವು. ಅವಳು ಕೊಟ್ಟದ್ದೇ ಎಂದು ಅದನ್ನು ಹಣೆಗೆ ವಿಭೂತಿಯ ಹಾಗೆ ಹಚ್ಚಿಕೊಂಡ.

ಹೀಗೆ ಒಂದು ತಿಂಗಳು. ಅವಳು ಹೋದ ಮೇಲೆ ಅವನು ಅಷ್ಟು ಸುಖವಾಗಿ ಬೇರೆ ಯಾವ ತಿಂಗಳೂ ಇರಲಿಲ್ಲ.

ಒಂದು ಬೆಳಿಗ್ಗೆ ಸಂದಿಯ ಬಾಯಲ್ಲಿ ಎಲುಬು ಬಿದ್ದಿದ್ದವು.

ಉದ್ದದ್ದೊಂದು, ಗಿಡ್ಡವು ಮೂರು. ಮಣ್ಣು ಮೆತ್ತಿದ್ದವು. ಹಲ್ಲಿನ ಗೀರು ಇದ್ದವು. ಅವನು ನಿಂತಲ್ಲೇ ಕೂತ. ಎಷ್ಟು ಹೊತ್ತು ಕೂತಿದ್ದನೋ. ಆಮೇಲೆ ಹೆಗಲ ಮೇಲಿನ ವಲ್ಲಿಯನ್ನು ಹಾಸಿ, ಒಂದೊಂದನ್ನೇ ಎರಡೂ ಕೈಯಿಂದ ಎತ್ತಿ ಅದರಲ್ಲಿ ಇಟ್ಟ. ಗಂಟು ಕಟ್ಟಿದ. ಎದೆಗೆ ಅವಚಿಕೊಂಡು ನಡೆದ. ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಕಾಲು ಕುರಿಗಾಹಿಯ ಹತ್ತಿರ ಒಯ್ದವು.

"ಕಿರುಬ ತೋಡ್ತು" ಎಂದ. "ಇಷ್ಟ ಉಳದೈತಿ."

ಕುರಿಗಾಹಿ ಗಂಟು ಬಿಚ್ಚಿದ. ಉದ್ದನೆಯ ಎಲುಬನ್ನು ಎತ್ತಿ ತಿರುವಿ ನೋಡಿದ. ಅದನ್ನು ತನ್ನ ಮೊಣಕಾಲಿಗೆ ಹಿಡಿದು ಅಳೆದ. ತುಟಿ ಬಿಗಿಹಿಡಿದ.

"ನಿನ್ನ ಹೆಂಡ್ತಿ ಗಾಡಿ ಎಳೀತಿದ್ದಳೇನೋ ಮಾರಾಯಾ?"

ಕಲ್ಲುಕುಟಿಗ ಅರ್ಥವಾಗದೆ ನೋಡಿದ.

"ಇದು ಎತ್ತಿನ ಕಾಲು. ಇದು ನನ್ನ ಕುರಿ ದವಡಿ, ಹೋದ ಅಮಾಸಿಗೆ ಸತ್ತಿತ್ತು, ಹಲ್ಲಿನ ಗುರುತ ಐತಿ. ಇದು ನಾಯೀದು. ಇದು..." ಮೂಸಿ ನೋಡಿದ. "ಇದು ಎಲುಬ ಅಲ್ಲ, ಯಾರದೋ ಚಪ್ಪಲಿ ಅಟ್ಟಿ."

ಕಲ್ಲುಕುಟಿಗನ ಗಂಟಲಿನಿಂದ ಒಂದು ಸದ್ದು ಹೊರಟಿತು. ಅಳುವೆಂದು ಹೊರಟದ್ದು ನಡುದಾರಿಯಲ್ಲಿ ನಗುವಾಯಿತು. ಆಮೇಲೆ ಮತ್ತೆ ಅಳುವಾಯಿತು. ಕುರಿಗಾಹಿ ಅವನ ಹಣೆಯ ಮೇಲಿನ ಬಿಳಿ ಪಟ್ಟೆ ನೋಡಿ, ಅದೆಲ್ಲಿಯದು ಎಂದು ಕೇಳಿದ. ಇವನು ಹೇಳಿದ. ಕುರಿಗಾಹಿ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡ.

"ಅದು ಕಿರುಬನ ಹೇಲೋ ಎಪ್ಪಾ. ಎಲುಬು ತಿಂದು ತಿಂದು ಬೆಳ್ಳಗಾಗತೈತಿ." ಕಣ್ಣು ಒರೆಸಿಕೊಂಡು, "ಇರಲಿ ಬಿಡು, ವಿಭೂತಿನೂ ಸಗಣಿದ" ಎಂದ.

ಇಬ್ಬರೂ ಗುಪ್ಪೆಯ ಹತ್ತಿರ ಬಂದರು. ಕುರಿಗಾಹಿ ಮೊದಲು ಕೋಲು ತೂರಿಸಿ, ಅದು ಒಳಗಿಲ್ಲವೆಂದು ನೋಡಿಕೊಂಡು, ಬೋರಲು ಮಲಗಿ ಸಂದಿಯೊಳಗೆ ತಲೆ ಹಾಕಿದ. ತೋಳು ಹಾಕಿದ. ಬಹಳ ಹೊತ್ತಿನ ಮೇಲೆ ಎದ್ದು ಮಣ್ಣು ಕೊಡವಿಕೊಂಡ. ಈಗ ನಗುತ್ತಿರಲಿಲ್ಲ.

"ತಳದಾಗ ಊರ ಮಂದಿ ಇಟ್ಟ ಕಲ್ಲು ಇಟ್ಟಂಗ ಅದಾವ. ಸಣ್ಣ ಕಲ್ಲು ಒಂದಕ್ಕೊಂದು ಕಚ್ಚಿ ಕೂತಾವ. ನಡುವ ಹುಲ್ಲು ಬೇರು ಬಿಟ್ಟೈತಿ. ಅದನ್ನ ಯಾವ ಕಿರುಬನೂ ಮುಟ್ಟಿಲ್ಲ, ಮುಟ್ಟಾಕ ಆಗಂಗೂ ಇಲ್ಲ. ಅದು ಇರೋದು ನೀ ಇಟ್ಟ ಕಲ್ಲಿನಾಗ."

"ನಾ ಇಟ್ಟದ್ರಾಗ?"

"ದೊಡ್ಡ ಕಲ್ಲು ಇಟ್ಟರ ದೊಡ್ಡ ಸಂದಿ. ನಿನಗ ಹೇಳಿಕೊಡಬೇಕೇನು? ನೀ ಬೀಸುಕಲ್ಲು ಕೂಡಿಸಿದರ ನಡುವ ಕೂದಲ ತೂರಂಗಿಲ್ಲ. ಇಲ್ಲಿ ನೋಡು, ಆಕಳ ಕರು ತೂರತೈತಿ. ಇಂಥ ಮನಿ ಗುಡ್ಡದಾಗ ಹುಡುಕಿದರೂ ಅದಕ್ಕ ಸಿಗತಿದ್ದಿಲ್ಲ."

ಕುರಿಗಾಹಿ ತನ್ನ ಕುರಿಗಳ ಕಡೆ ಹೋದ. ಕಲ್ಲುಕುಟಿಗ ನಿಂತಿದ್ದ. ಯಾವುದು ಬರಬಾರದೆಂದು ವರ್ಷವಿಡೀ ಹೆಗಲು ಸವೆಸಿದ್ದನೋ ಅದಕ್ಕೆ ಅವನೇ ಮನೆ ಕಟ್ಟಿಕೊಟ್ಟಿದ್ದ. ಅವಳ ಎದೆಯ ಮೇಲೆ ಕಟ್ಟಿಕೊಟ್ಟಿದ್ದ. ಅವಳು ಬೀಸುತ್ತಿರಲಿಲ್ಲ. ಅದು ಎಲುಬು ಕಡಿಯುತ್ತಿತ್ತು. ಎಲುಬು ಅವಳದಲ್ಲ ಎಂಬ ಸಮಾಧಾನ ಒಂದು ಕಡೆ. ಬೀಸುವವಳು ಅವಳಲ್ಲ ಎಂಬುದು ಇನ್ನೊಂದು ಕಡೆ. ಎರಡನೆಯದು ಹೆಚ್ಚು ತೂಗಿತು. ಅವಳು ಎರಡನೆಯ ಸಲ ಸತ್ತ ಹಾಗಾಯಿತು. ಈ ಸಲ ಕೊಂದವರು ಯಾರೆಂದು ಗೊತ್ತಿತ್ತು.

ಮರುದಿನ ಬೆಳಕು ಹರಿಯುವ ಮೊದಲು ಅವನು ಹಾರೆ ಹಿಡಿದು ಗುಪ್ಪೆಯ ಪಕ್ಕ ನಿಂತ. ಮಂಜು ಬಿದ್ದಿತ್ತು. ಕುರಿಗಾಹಿ ಹೇಳಿದ ದಾರಿಯಲ್ಲೇ ಅದು ಬಂತು. ಕುಂಟುತ್ತಾ ಬರುವ ಮುದುಕನ ಹಾಗೆ. ಮೈಮೇಲೆ ಕಪ್ಪು ಪಟ್ಟೆ. ಬಾಯಲ್ಲಿ ಏನೋ ಕಚ್ಚಿಕೊಂಡಿತ್ತು. ಅವನನ್ನು ಕಂಡು ನಿಂತಿತು. ಬೆನ್ನಿನ ಕೂದಲು ನಿಮಿರಿತು. ಇದ್ದದ್ದಕ್ಕಿಂತ ಎರಡರಷ್ಟು ದೊಡ್ಡದಾಗಿ ಕಂಡಿತು. ಅವನು ಹಾರೆ ಎತ್ತಿದ.

ಅಷ್ಟರಲ್ಲಿ ಹಟ್ಟಿಯಿಂದ ಕುರಿ ಹೊರಟಿದ್ದವು. ಮುಂದೆ ಬಂದ ಎರಡು ನಾಯಿಗಳಿಗೆ ವಾಸನೆ ಹತ್ತಿತು. ಬಾಣದ ಹಾಗೆ ಬಂದು ಅದರ ಕುತ್ತಿಗೆಗೆ ಬಿದ್ದವು. ಕಿರುಬ ಕೂಗಲಿಲ್ಲ. ತಿರುಗಿ ಕಚ್ಚಲೂ ಇಲ್ಲ. ಎರಡು ಸಲ ಉರುಳಿತು, ಬಿತ್ತು. ಕಾಲು ಚಾಚಿತು. ನಾಲಗೆ ಹೊರಬಿತ್ತು. ನಾಯಿಗಳು ಎಳೆದಾಡಿದವು. ಎಳೆದ ಕಡೆ ಎಳೆಸಿಕೊಂಡಿತು. ಸತ್ತದ್ದರ ಜೊತೆ ಜಗಳ ಏನು ಎಂಬಂತೆ ನಾಯಿಗಳು ಮೂಸಿ ಬಿಟ್ಟವು. ದೂರದಿಂದ ಕುರಿಗಾಹಿಯ ಸೀಟಿ ಕೇಳಿಸಿತು. ಓಡಿಹೋದವು.

ಕಲ್ಲುಕುಟಿಗ ಹಾರೆ ಹಿಡಿದುಕೊಂಡೇ ಹತ್ತಿರ ಹೋದ.

ಕೂದಲು ಕೆಳಗಿಳಿದಿತ್ತು. ಈಗ ಅದು ಸಣ್ಣದಾಗಿತ್ತು. ಕಣ್ಣೊಳಗೆ ಮಣ್ಣು ಬಿದ್ದಿತ್ತು, ರೆಪ್ಪೆ ಬಡಿಯಲಿಲ್ಲ. ಹೊಟ್ಟೆಯ ಕೆಳಗೆ ಮೊಲೆಗಳು ಒದ್ದೆಯಾಗಿದ್ದವು. ಇದಕ್ಕಾಗಿಯೇ ನಾನು ಒಂದು ಗುಡ್ಡ ಹೊತ್ತದ್ದು ಎಂದುಕೊಂಡ. ತಲೆಗೊಂದು ಹೊಡೆದು ಖಾತ್ರಿ ಮಾಡಿಕೊಳ್ಳಬೇಕೆಂದು ಹಾರೆ ಎತ್ತಿದ. ಕೈ ಇಳಿಯಲಿಲ್ಲ. ಹಾರೆಯನ್ನು ಬದಿಗೆ ಇಟ್ಟ.

ಇನ್ನು ಕಿರುಬನಿಲ್ಲ. ಇನ್ನು ಕಲ್ಲು ಹೊರುವುದಿಲ್ಲ. ಸದ್ದು ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು? ಬಹಳ ಹುಡುಕಿದ. ಒಂದೂ ಸಿಗಲಿಲ್ಲ. ಆಗ ಅವನು ಆ ಮೃಗದ ಪಕ್ಕದಲ್ಲೇ, ಅದೇ ಮಣ್ಣಿನಲ್ಲಿ, ಮೈ ಚಾಚಿದ. ಕೆನ್ನೆ ನೆಲಕ್ಕೆ ಹಚ್ಚಿದ. ಕಣ್ಣು ತೆರೆದೇ ಇತ್ತು, ಏನನ್ನೂ ನೋಡುತ್ತಿರಲಿಲ್ಲ.

ಮಂಜು ಕರಗಿತು. ಬಿಸಿಲು ಬಂತು. ಕೈಯ ಮೇಲೆ ಇರುವೆ ಹರಿದುಹೋದವು.

ಗುಪ್ಪೆಯೊಳಗಿನಿಂದ ಸಣ್ಣ ದನಿ ಬಂತು. ಬೆಕ್ಕಿನ ಮರಿಯದರ ಹಾಗೆ, ಆದರೆ ಬೆಕ್ಕಲ್ಲ. ಒಂದು ದನಿ, ಅದರ ಹಿಂದೆ ಇನ್ನೊಂದು. ಹಸಿದ ದನಿ.

ಕಲ್ಲುಕುಟಿಗನ ಕಣ್ಣೆದುರಿಗೆ, ಒಂದು ಗೇಣು ದೂರದಲ್ಲಿ, ಸತ್ತ ಕಿರುಬನ ಒಂದು ಕಿವಿ ಅಲ್ಲಾಡಿತು.

ಅವನು ಉಸಿರು ಹಿಡಿದ. ಮಣ್ಣು ಬಿದ್ದ ಕಣ್ಣು ಒಮ್ಮೆ ಮುಚ್ಚಿತು, ತೆರೆಯಿತು. ಅವನನ್ನು ನೋಡಿತು. ಅವನೂ ನೋಡಿದ. ಎರಡೂ ಕಣ್ಣು ನೆಲದ ಮಟ್ಟದಲ್ಲೇ ಇದ್ದವು. ಅದು ಎಷ್ಟು ಹೊತ್ತು ನೋಡಿತು ಎಂದು ಅವನು ಆಮೇಲೆ ಯಾರಿಗೂ ಹೇಳಲಾರದಾದ. ಒಂದು ಹಗಲಾಗಿರಬಹುದು. ಒಂದು ರೆಪ್ಪೆ ಬಡಿಯುವಷ್ಟಾಗಿರಬಹುದು.

ಮರಿಗಳು ಮತ್ತೆ ಕೂಗಿದವು. ಕಿರುಬ ಎದ್ದಿತು. ಮೈ ಕೊಡವಿತು, ಮಣ್ಣು ಅವನ ಮುಖದ ಮೇಲೆ ಬಿತ್ತು. ಬೀಳಿಸಿದ್ದನ್ನು ಬಾಯಲ್ಲಿ ಎತ್ತಿಕೊಂಡಿತು. ಅವನನ್ನು ದಾಟಿ, ಕುಂಟುತ್ತಾ, ಸಂದಿಯೊಳಗೆ ಹೋಯಿತು. ದನಿಗಳು ನಿಂತವು.

ಅವನು ಬಿದ್ದೇ ಇದ್ದ. ಯಾರಾದರೂ ಕರೆಯುತ್ತಾರೇನೋ ಎಂದು ಕಾದ. ಯಾರೂ ಕರೆಯಲಿಲ್ಲ. ಗುಪ್ಪೆಯ ನೆರಳು ಅವನ ಮೇಲಿಂದ ಸರಿದುಹೋಯಿತು. ನೆಲ ಕಾಯಿತು. ಕೊನೆಗೆ ಬಾಯಾರಿಕೆಯಾಯಿತು. ಎದ್ದು ನೀರಿನ ಕಡೆ ನಡೆದ.

ಮೂರು ದಿನದ ಮೇಲೆ ಕಿರುಬ ತನ್ನ ಮರಿಗಳನ್ನು ಒಂದೊಂದಾಗಿ ಕುತ್ತಿಗೆ ಹಿಡಿದು ಗುಡ್ಡದ ಆಚೆಗೆ ಸಾಗಿಸಿತು. ಮನುಷ್ಯರ ವಾಸನೆ ಹತ್ತಿದ ಜಾಗದಲ್ಲಿ ಅದು ನಿಲ್ಲುವುದಿಲ್ಲವಂತೆ. ಕಲ್ಲುಕುಟಿಗ ದೂರ ನಿಂತು ನೋಡಿದ. ಗುಪ್ಪೆ ಖಾಲಿಯಾಯಿತು. ಅವನು ಅದಕ್ಕೆ ಕಲ್ಲು ಸೇರಿಸಲಿಲ್ಲ, ತೆಗೆಯಲೂ ಇಲ್ಲ.

ಆ ವಾರ ಪಕ್ಕದ ಹಳ್ಳಿಯ ಓಣಿಯಲ್ಲಿ ಟಣ್ ಟಣ್ ಎಂದು ಸದ್ದಾಯಿತು. ಮುದುಕಿ ಬಾಗಿಲು ತೆರೆದು ನೋಡಿದಳು. ಕಲ್ಲುಕುಟಿಗ ತಲೆಯ ಮೇಲೆ ಬುಟ್ಟಿ ಹೊತ್ತು, ಓಣಿಯ ನಡುವೆ ನಿಂತು, ಉಳಿಗೆ ಸುತ್ತಿಗೆ ಹೊಡೆಯುತ್ತಿದ್ದ. ಕೂಗಲು ಬಾರದು, ಆದ್ದರಿಂದ ಹೊಡೆಯುತ್ತಿದ್ದ. ಬೆವರು ಇಳಿಯುತ್ತಿತ್ತು. ಬುಟ್ಟಿ ಒಂದು ಕಡೆ ವಾಲಿತ್ತು.

"ಸಿಂಬಿ ಇಲ್ಲದ ಬುಟ್ಟಿ ಹೊರತಾರೇನೋ ಹುಚ್ಚಾ?" ಎಂದಳು ಮುದುಕಿ. ಒಳಗಿನಿಂದ ಹಳೆಯ ಸೀರೆಯ ತುಂಡು ತಂದು, ಸುತ್ತಿ, ಸಿಂಬೆ ಮಾಡಿ, ಅವನ ತಲೆಯ ಮೇಲಿಟ್ಟಳು. "ಬಾ ಒಳಗ. ಒಂದು ವರ್ಷ ಆತು, ನುಚ್ಚು ತಿಂದು ತಿಂದು ಹಲ್ಲು ಹೋದವು."

ಅವನು ಪಡಸಾಲೆಯಲ್ಲಿ ಕೂತ. ಅವಳ ಕಲ್ಲಿನ ಮೇಲೆ ಅಂಗೈ ಆಡಿಸಿದ. ನಿಜವಾಗಿಯೂ ಕನ್ನಡಿಯಾಗಿತ್ತು. ಉಳಿ ಇಟ್ಟು ಮೊದಲ ಪೆಟ್ಟು ಹಾಕಿದ.

ಅಜ್ಜನವರು ಸೂಜಿ ಬದಿಗಿಟ್ಟರು. ಕೌದಿಯ ತೇಪೆ ಮುಗಿದಿತ್ತು. ಬಿಸಿಲು ಕಟ್ಟೆಯ ಮೇಲೆ ಬಂದಿತ್ತು. ಅಡಿವೆಪ್ಪ ನೆಲ ನೋಡುತ್ತಾ ಕೂತಿದ್ದ. ತಲೆ ಎತ್ತಿ ಕೇಳಿದ.

"ಅದು ಮೋಸ ಅಲ್ಲೇನ್ರೀ, ಅಜ್ಜಾರೇ? ಒಳಗ ಜೀವಾ ಇಟ್ಟುಕೊಂಡು ಸತ್ತಂಗ ಬೀಳೋದು?"

"ಅವತ್ತು ಅಲ್ಲಿ ಸತ್ತಂಗ ಬಿದ್ದವರು ಇಬ್ಬರು, ಅಡಿವೆಪ್ಪಾ, ತಾ ಸತ್ತಿಲ್ಲ ಅನ್ನೋದು ಗೊತ್ತಿದ್ದದ್ದು ಆ ಕಿರುಬಗ ಒಂದಕ್ಕ."